ಮ್ಯೂಸಿಯಮ್ಮಿನ ಇಳಿಜಾರು ಮತ್ತು ನಮ್ಮ ಇತಿಹಾಸದ ಮೇಡಮ್

ಅವರಿಗೆ ಸಹಾಯ ಮಾಡಲು ಹೋದವರು ಮೊದಲ ಸಲ ಬೈಸಿಕೊಳ್ಳುತ್ತಿದ್ದರು. ನಾನೂ ಬೈಸಿಕೊಂಡವಳೇ. ವಿಜಯಪುರದ ಹೆಣ್ಣುಮಕ್ಕಳ ಕಾಲೇಜಿಗೆ ಕನ್ನಡ ಕಲಿಸಲು ಸೇರಿದ ಹೊಸತರಲ್ಲಿ, ಸ್ಟಾಫ್ ರೂಮಿನ ಬಾಗಿಲಲ್ಲಿ ಎರಡು ಊರುಗೋಲುಗಳ ಮೇಲೆ ನಿಂತಿದ್ದ ಹಿರಿಯ ಹೆಣ್ಣುಮಗಳೊಬ್ಬರನ್ನು ಕಂಡು ತೋಳು ಹಿಡಿಯಲು ಹೋದೆ.

“ಬಿಡ್ರಿ ಕೈ,” ಎಂದರು. “ನನಗ ಬೀಳೂದೂ ಗೊತ್ತೈತಿ, ಏಳೂದೂ ಗೊತ್ತೈತಿ. ನೀವು ಹಿಡದ್ರ ಇಬ್ಬರೂ ಬೀಳ್ತೀವಿ.”

ನನ್ನ ಮುಖ ಸಣ್ಣದಾದದ್ದನ್ನು ನೋಡಿ ತಾವೇ ಒಂದು ಕುರ್ಚಿ ತೋರಿಸಿ, “ಕುಂದರ್ರಿ ಕನ್ನಡ ಮೇಡಮ್, ಚಾ ತರಸ್ತೇನಿ,” ಎಂದರು. ಅಂದಿನಿಂದ ನಾನು ಅವರಿಗೆ ಕನ್ನಡ ಮೇಡಮ್, ಅವರು ನನಗೆ ಇತಿಹಾಸದ ಮೇಡಮ್. ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಅಭಿನಂದನೆ, ಫಲಕ, ಪೇಪರಿನಲ್ಲಿ ಫೋಟೊ ಎಂದರೆ ಅವರು ಮಾರು ದೂರ ಸರಿಯುತ್ತಿದ್ದರು.

ಮೂರು ವರ್ಷದ ಮಗುವಾಗಿದ್ದಾಗ ಪೋಲಿಯೊ ಬಂದು ಅವರ ಎರಡೂ ಕಾಲುಗಳ ಬಲ ಹೋಗಿತ್ತು. ಮನೆ ವಿಜಯಪುರದೊಳಗಿನ ಇಬ್ರಾಹಿಂಪುರದಲ್ಲಿ, ರೈಲು ಹಳಿಗೆ ಹತ್ತಿರ. ತಂದೆ ಟೇಲರ್. ಮಗಳನ್ನು ಸೈಕಲ್ಲಿನ ಮುಂದಿನ ಕೊಳವೆಯ ಮೇಲೆ ಕೂಡಿಸಿಕೊಂಡು ಶಾಲೆಗೆ ಬಿಟ್ಟು, ಅಂಗಡಿ ತೆರೆದು, ಮತ್ತೆ ಸಂಜೆ ಕರೆತರುತ್ತಿದ್ದರಂತೆ. ತಂದೆ ಹೋದಮೇಲೆ ಆ ಹೊಣೆ ತಮ್ಮನಿಗೆ ಬಂತು. ಮೋಟಾರು ರಿಪೇರಿ ಮಾಡುವ ಆ ತಮ್ಮ ಅಕ್ಕನ ಸ್ಕೂಟರಿಗೆ ತಾನೇ ಇನ್ನೊಂದು ಗಾಲಿ ಸೇರಿಸಿ ಮೂರು ಗಾಲಿಯದ್ದು ಮಾಡಿಕೊಟ್ಟ. ಅದರ ಹಾರ್ನು ಲಾರಿಯ ಹಾರ್ನಿನಂತೆ ಕೂಗುತ್ತಿತ್ತು. ಗೇಟಿನಲ್ಲಿ ಅದು ಕೇಳಿತೆಂದರೆ ಕಾರಿಡಾರಿನಲ್ಲಿದ್ದ ಹುಡುಗಿಯರೆಲ್ಲ ತರಗತಿಗೆ ಓಡುತ್ತಿದ್ದರು.

ಗೋಳಗುಮ್ಮಟದ ಊರಿನಲ್ಲಿ ಹುಟ್ಟಿ ಬೆಳೆದು, ಅದರ ಮೇಲಿನ ಗ್ಯಾಲರಿಗೆ ಅವರು ಒಮ್ಮೆಯೂ ಹತ್ತಿರಲಿಲ್ಲ. ಹತ್ತುವ ಮಾತೇ ಇರಲಿಲ್ಲ. ಆದರೆ ವಿದ್ಯಾರ್ಥಿನಿಯರನ್ನು ಅಲ್ಲಿಗೆ ತಪ್ಪದೆ ಕರೆದೊಯ್ಯುತ್ತಿದ್ದರು. ಹುಲ್ಲಿನ ಮೇಲೆ ಕುರ್ಚಿ ಹಾಕಿಸಿಕೊಂಡು ಹೇಳುತ್ತಿದ್ದರು: “ಮ್ಯಾಲ ಏನೈತಿ ಅಂತ ನನ್ನ ಕೇಳಬ್ಯಾಡ್ರಿ. ಅಷ್ಟು ಭಾರ ಮ್ಯಾಲ ಹೆಂಗ ನಿಂತೈತಿ ಅನ್ನೂದನ್ನ ಕೆಳಗ ನಿಂತು ಹೇಳ್ತೇನಿ.”

ಕಟ್ಟಡಗಳೆಂದರೆ ಅವರಿಗೆ ಹುಚ್ಚು. ಅದರಲ್ಲೂ ಒಂದು ಕಟ್ಟಡದ ಮೇಲೆ ವಿಶೇಷ ಪ್ರೀತಿ. ನಮ್ಮ ದೇಶದಲ್ಲಿ ರಾಷ್ಟ್ರೀಯ ಎಂದು ಕರೆಸಿಕೊಳ್ಳುವ ಮ್ಯೂಸಿಯಮ್ಮುಗಳು ಹಲವಿವೆ. ಇದು ಯಾವುದೆಂಬುದನ್ನು ಬಿಟ್ಟುಬಿಡುತ್ತೇನೆ. ಉತ್ತರದ ಒಂದು ದೊಡ್ಡ ನಗರದ್ದು ಎಂದರೆ ಸಾಕು. ಪ್ರತಿ ವರ್ಷ ಕೊನೆಯ ವರ್ಷದ ಹುಡುಗಿಯರಿಗೆ ಆ ಕಟ್ಟಡ ಹೇಗೆ ಹುಟ್ಟಿತು ಎಂಬುದರ ಮೇಲೆ ಅವರು ಒಂದು ಪಾಠ ಮಾಡುತ್ತಿದ್ದರು. ಅದು ಸಿಲಬಸ್ಸಿನಲ್ಲಿ ಇರಲಿಲ್ಲ. ಬೇರೆ ವಿಷಯದ ಹುಡುಗಿಯರೂ ಬಂದು ಹಿಂದೆ ನಿಲ್ಲುತ್ತಿದ್ದರು. ನನಗೂ ಆ ಹೊತ್ತಿಗೆ ಕ್ಲಾಸಿಲ್ಲದಿದ್ದರೆ ಹೋಗಿ ಕೂಡುತ್ತಿದ್ದೆ.

ವಾಸ್ತುಶಿಲ್ಪದ ಪತ್ರಿಕೆಗಳಲ್ಲಿ ಅಚ್ಚಾಗಿದ್ದ ಮೂರು ನಕ್ಷೆಗಳನ್ನು ಅವರು ಸೀಮೆಸುಣ್ಣದಿಂದ ಬೋರ್ಡಿನ ಮೇಲೆ ಬಿಡಿಸುತ್ತಿದ್ದರು. ಮೊದಲನೆಯದರಲ್ಲಿ ನಡುವೆ ಅಂಗಳ, ಸುತ್ತ ತಗ್ಗಾದ ಕಟ್ಟಡ. ಗೇಟಿನಿಂದ ಒಂದು ಉದ್ದನೆಯ ಇಳಿಜಾರು ಅಂಗಳದ ಗೋಡೆಯ ಗುಂಟ ಏರುತ್ತ ಹೋಗಿ ಮೊದಲ ಕೋಣೆಗೆ ಸೇರುತ್ತಿತ್ತು. ಮೆಟ್ಟಿಲೇ ಇಲ್ಲ. ಎರಡನೆಯದರ ಹೊತ್ತಿಗೆ ಆ ಜಾಗದಲ್ಲಿ ಮಳೆನೀರು ನಿಲ್ಲುತ್ತದೆ ಎಂದು ತಿಳಿದು, ನೆಲವನ್ನು ಆಳೆತ್ತರ ಏರಿಸಿದರು. ಇಳಿಜಾರು ಇನ್ನೂ ಉದ್ದವಾಯಿತು. ನಡುವೆ, ರಾಷ್ಟ್ರದ ಕಟ್ಟಡವೆಂದ ಮೇಲೆ ತಲೆಯ ಮೇಲೆ ಗುಮ್ಮಟ ಬೇಕೆಂದು ಕಟ್ಟಡದ ಸಮಿತಿಯಲ್ಲಿ ಕೆಲವರು, ಗೋಪುರ ಬೇಕೆಂದು ಕೆಲವರು ಹಟ ಹಿಡಿದರು. ಆರ್ಕಿಟೆಕ್ಟು ಎರಡನ್ನೂ ಒಪ್ಪದೆ ಬಿಸಿಲು ತಡೆಯುವ ಅಗಲವಾದ ಛಜ್ಜಾ ಹಾಕಿ ಸಪಾಟು ಮಾಳಿಗೆ ಮಾಡಿದರು.

“ಗುಮ್ಮಟ ನೋಡೂದಿದ್ರ ನಮ್ಮೂರಿಗೆ ಬರ್ಲಿ, ಹೌದಿಲ್ಲೋ?” ಎಂದು ಮೇಡಮ್ ಕೇಳಿದಾಗ ಹುಡುಗಿಯರು ನಗುತ್ತಿದ್ದರು.

ಮೂರನೆಯ ನಕ್ಷೆ ಬರೆಯುವಾಗ ಅವರ ದನಿ ಇಳಿಯುತ್ತಿತ್ತು. ಅದರಲ್ಲಿ ಇಳಿಜಾರು ಇರಲಿಲ್ಲ. ಕಟ್ಟಡದ ಮುಂದೆ ಉದ್ದಕ್ಕೂ ಅಗಲವಾದ ಮೆಟ್ಟಿಲುಗಳು ಬಂದಿದ್ದವು. “ಸಮಿತಿಯವರು ಇಳಿಜಾರ ತಗಸಿದ್ರು. ಆದ್ರ ಅದನ್ನ ಬರದ ಮನಷ್ಯಾ ಮೊದಲನೇ ದಿವಸನ ನಮ್ಮಂಥವರನ್ನ ನೆನಸಿದ್ದ. ಅಷ್ಟ ನೆನಪಿಡ್ರಿ,” ಎಂದು ಪಾಠ ಮುಗಿಸುತ್ತಿದ್ದರು.

ಒಂದು ವರ್ಷ ಹುಡುಗಿಯರನ್ನು ಕರೆದುಕೊಂಡು ಆ ಮ್ಯೂಸಿಯಮ್ಮಿಗೇ ಪ್ರವಾಸ ಹೋದೆವು. ಮೆಟ್ಟಿಲುಗಳಿವೆ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಆದರೂ ಬಂದರು. ಅಲ್ಲಿಯ ಕಾವಲುಗಾರ ಒಳ್ಳೆಯವನು. ನಾಲ್ಕು ಜನ ಸೇರಿ ಕುರ್ಚಿಯಲ್ಲಿ ಎತ್ತಿಕೊಂಡು ಹೋಗುತ್ತೇವೆ ಎಂದು ಹಿಂದಿಯಲ್ಲಿ ಕೇಳಿಕೊಂಡ. ಮೇಡಮ್ ಅವನಿಗೆ ಉಪಕಾರ ಹೇಳಿ ಬೇಡವೆಂದರು. ನಾನು ಒತ್ತಾಯಿಸಿದೆ.

“ನೀವು ಎತ್ತಿದ್ರ ಮ್ಯಾಲ ಹೋಗ್ತೇನಿ, ಖರೆ,” ಎಂದರು. “ಒಂದು ಖೋಲಿಯಿಂದ ಇನ್ನೊಂದಕ್ಕ ಹೋಗಬೇಕಂದ್ರ ಮತ್ತ ನಿಮ್ಮನ್ನ ಕರೀಬೇಕು. ಇಳೀಬೇಕಂದ್ರ ಮತ್ತ ಕರೀಬೇಕು. ಒಂದು ಮೂರ್ತಿ ಮುಂದ ನಾ ತಾಸಗಟ್ಟಲೆ ನಿಂತ್ರ ಆ ನಾಕ ಮಂದಿ ಏನ್ ಮಾಡಬೇಕು? ನೀವು ಹೋಗಿ ಬರ್ರಿ.”

ಅವರು ಕೆಳಗೆ ಬೇವಿನ ಮರದ ಕಟ್ಟೆಯ ಮೇಲೆ ಉಳಿದರು. ನಾವು ಇಳಿದು ಬಂದಾಗ ಕಡಲೆಕಾಯಿ ಮಾರುವವಳೊಂದಿಗೆ ಅವಳ ಮಗಳ ಮದುವೆಯ ವಿಷಯ ಮಾತಾಡುತ್ತಿದ್ದರು. ರೈಲಿನಲ್ಲಿ ಮಾತ್ರ ಬಹಳ ಹೊತ್ತು ಕಿಟಕಿಯ ಕಡೆ ತಿರುಗಿ ಕೂತಿದ್ದರು.

ಹೀಗಿರುವಾಗ ಆ ಆರ್ಕಿಟೆಕ್ಟು ಸ್ವತಃ ವಿಜಯಪುರಕ್ಕೆ ಬಂದರು. ಹುಟ್ಟೂರು ಬಾಗಲಕೋಟೆಯ ಕಡೆ. ಬದುಕೆಲ್ಲ ಉತ್ತರದಲ್ಲೇ ಕಳೆದಿದ್ದರೂ ಕನ್ನಡ ಬಿಟ್ಟಿರಲಿಲ್ಲ. ವಯಸ್ಸಾಗಿತ್ತು, ಹೆಂಡತಿ ತೀರಿಕೊಂಡಿದ್ದರು. ನೆಂಟರ ಮದುವೆಗೆಂದು ಬಂದವರನ್ನು ನಮ್ಮ ಪ್ರಿನ್ಸಿಪಾಲರು ಒಂದು ಭಾಷಣಕ್ಕೆ ಒಪ್ಪಿಸಿದರು. ಸುದ್ದಿ ತಿಳಿದಾಗಿನಿಂದ ಮೇಡಮ್ ನೆಲದ ಮೇಲೆ ಇರಲಿಲ್ಲ. ಹೊಸ ಸೀರೆಗೆ ಫಾಲ್ ಹಚ್ಚಿಸಿದರು.

ಭಾಷಣ ಮುಗಿದ ಮೇಲೆ ಪ್ರಶ್ನೆ ಕೇಳಬಹುದೆಂದರು. ಮೇಡಮ್ ಊರುಗೋಲು ಊರಿ ಎದ್ದು ನಿಂತರು. ಪ್ರಶ್ನೆ ಕೇಳಲಿಲ್ಲ. ಮೊದಲ ನಕ್ಷೆಯ ಆ ಇಳಿಜಾರಿನ ಬಗ್ಗೆ ಹೇಳಿದರು. ಸಮಿತಿ ಅದನ್ನು ತೆಗೆಸಿದ್ದನ್ನು ಹೇಳಿದರು. “ಸರ್, ಅವರು ತಗಸಿದ್ರೂ ನಿಮ್ಮ ಮನಸ್ಸಿನ್ಯಾಗ ಅದು ಇತ್ತು. ನಡೀಲಾರದ ಮಂದಿನೂ ನೋಡಾಕ ಬರ್ತಾರ ಅಂತ ಆ ಕಾಲದಾಗ ವಿಚಾರ ಮಾಡಿದವರು ನೀವೊಬ್ಬರ. ಒಂದ ಸಲ ನಿಮ್ಮ ಮುಂದ ನಿಂತು ಶರಣ ಅನ್ನಬೇಕು ಅಂತ ಬಾಳ ದಿವಸದಿಂದ ಇತ್ತು.”

ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಕೆಲವು ಹುಡುಗಿಯರು ಕಣ್ಣೊರೆಸಿಕೊಂಡರು. ಆ ಹಿರಿಯರು ಎದ್ದು ಕೈಮುಗಿದರು. ಏನೋ ಹೇಳಲು ಬಾಯಿ ತೆರೆದವರು ಹೇಳದೆ ಕೂತರು. ಅಷ್ಟರಲ್ಲಿ ಪ್ರಿನ್ಸಿಪಾಲರು ಶಾಲು ಹೊದಿಸಿಬಿಟ್ಟರು.

ಮರುದಿನ ಬೆಳಿಗ್ಗೆ ಅವರು ನನಗೆ ಫೋನು ಮಾಡಿ, ನಿನ್ನೆ ಮಾತಾಡಿದ ಮೇಡಮ್ಮಿನ ಮನೆಗೆ ಕರೆದೊಯ್ಯಬಹುದೇ ಎಂದು ಕೇಳಿದರು. ಕರೆದುಕೊಂಡು ಹೋದೆ. ಮೇಡಮ್ ಸಂಭ್ರಮದಿಂದ ತಮ್ಮನ ಹೆಂಡತಿಗೆ ಚಹ, ಶಿರಾ ಮಾಡಲು ಹೇಳಿದರು. ಹಿರಿಯರು ಚಹದ ಕಪ್ಪನ್ನು ಮುಟ್ಟಲಿಲ್ಲ.

“ಬಾಯಿಯವರ, ನಿನ್ನೆ ನೀವು ನನಗ ಒಂದು ದೊಡ್ಡ ಮಾತು ಹೇಳಿದ್ರಿ. ಅದಕ್ಕ ನಾ ಯೋಗ್ಯ ಅಲ್ಲ,” ಎಂದರು.

“ದೊಡ್ಡವರು ಹಂಗ ಅಂತಾರ ಬಿಡ್ರಿ.”

“ಹಂಗಲ್ಲ. ಆ ಇಳಿಜಾರ ಸಮಿತಿಯವರು ತಗಸಲಿಲ್ಲ. ಅವರು ಅದರ ಸುದ್ದೀನೂ ಎತ್ತಿರಲಿಲ್ಲ. ತಗದವ ನಾನು.”

ಮೇಡಮ್ ತಮ್ಮ ಕಪ್ಪನ್ನು ಕೆಳಗಿಟ್ಟರು.

“ನೆಲ ಎತ್ತರ ಮಾಡಿದ ಮ್ಯಾಲ ಅದು ಬಾಳ ಉದ್ದ ಆತು. ಕಟ್ಟಡದ ಮುಂದಿನ ಮಾರಿಗೆ ಅಡ್ಡ ಬಿದ್ದಂಗ ಕಾಣತಿತ್ತು. ನನಗ ಸೇರಲಿಲ್ಲ. ಮೆಟ್ಟಲ ಬರದೆ. ಎಲ್ಲಾರೂ ಚಂದ ಅಂದ್ರು.”

“ಮತ್ತ ಮೊದಲ ಅದನ್ನ ಯಾಕ ಬರದಿದ್ರಿ?”

ಆ ಪ್ರಶ್ನೆ ಬರುತ್ತದೆಂದು ಅವರಿಗೆ ಗೊತ್ತಿತ್ತೆಂದು ಕಾಣುತ್ತದೆ. ತಲೆ ತಗ್ಗಿಸಿಯೇ ಹೇಳಿದರು. “ಮಂದಿ ಸಾವಕಾಶ ನಡಕೋತ ಬರ್ಲಿ, ಬರೋತ್ನಾಗ ಅಂಗಳ ಕಾಣ್ಲಿ ಅಂತ ಬರದಿದ್ದೆ. ನಿಮ್ಮಂಥವರ ಸಲುವಾಗಿ ಅಲ್ಲ. ನಡೀಲಾರದವರು ಬರ್ತಾರ ಅನ್ನೂದು ನನ್ನ ತಲಿಯಾಗ ಬಂದಿರಲೇ ಇಲ್ಲ. ನಿನ್ನೆ ಸಭಾದಾಗನ ಹೇಳಬೇಕಿತ್ತು. ಚಪ್ಪಾಳಿ ಬಿತ್ತು, ಧೈರ್ಯ ಆಗಲಿಲ್ಲ.”

ಹೊರಗೆ ಗೂಡ್ಸ್ ರೈಲು ಹೋಯಿತು. ಮೇಡಮ್ ಮುಖ ಬಿಳಚಿಕೊಂಡಿತ್ತು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

“ಹಂಗಾದ್ರ ಇಷ್ಟು ವರ್ಷ ನಾ ಹುಡುಗೇರಿಗೆ ಸುಳ್ಳ ಕಲಿಸೇನಿ,” ಎಂದರು. ಅವರತ್ತ ತಿರುಗಿ, “ನೀವಿನ್ನ ಹೊಂಡ್ರಿ ಸರ್. ನನಗ ಈಗ ಮಾತಾಡಾಕ ಆಗೂದಿಲ್ಲ,” ಎಂದರು.

ಅವರು ಎದ್ದು ಹೋದರು. ಚಹ ಆರಿಹೋಗಿತ್ತು. ನನಗೂ ಮೇಡಮ್ಮಿಗೂ ಆ ವಾರವೆಲ್ಲ ಆ ವಿಷಯದಲ್ಲಿ ಮಾತಿಲ್ಲ. ಮುಂದಿನ ಸೋಮವಾರ ಅವರು ಕೊನೆಯ ವರ್ಷದ ತರಗತಿಗೆ ಹೋಗುವ ಮೊದಲು, “ನೀವೂ ಬರ್ರಿ,” ಎಂದು ನನ್ನನ್ನು ಕರೆದರು.

ಅದೇ ಮೂರು ನಕ್ಷೆಗಳನ್ನು ಮತ್ತೆ ಬಿಡಿಸಿದರು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಸೀಮೆಸುಣ್ಣ ಇಟ್ಟು ಹೇಳಿದರು: “ಇಲ್ಲೇ ಏನಾತು ಅಂತ ಯಾವ ಪತ್ರಿಕಾದಾಗೂ ಇರಲಿಲ್ಲ. ನನಗ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೂದು ಬಿಟ್ಟು, ನನಗ ಬೇಕಾದ್ದನ್ನ ನಾ ತುಂಬಿದೆ. ಅದು ಇತಿಹಾಸ ಅಲ್ಲ. ಇಳಿಜಾರ ತಗದವರು ಅದನ್ನ ಬರದವರ. ಚಂದ ಕಾಣಲಿ ಅಂತ ತಗದ್ರು.”

ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಹಂಗಂದ್ರ ಅವರು ಛಲೋ ಮನಷ್ಯಾರಲ್ಲೇನ್ರಿ ಮೇಡಮ್?” ಎಂದು ಕೇಳಿದಳು.

ಮೇಡಮ್ ಸೀಮೆಸುಣ್ಣ ಕೆಳಗಿಟ್ಟರು. “ಛಲೋ ಇರದಿದ್ರ ಅದನ್ನ ಹೇಳಾಕ ನಮ್ಮ ಮನೀತನಕ ಬರ್ತಿರಲಿಲ್ಲ ಬೇ,” ಎಂದರು.

ಅಂದು ಸಂಜೆ ಅವರೇ ಆ ಹಿರಿಯರಿಗೆ ಫೋನು ಮಾಡಿದರು. ನಾನು ಪಕ್ಕದಲ್ಲಿದ್ದೆ. ಸಿಟ್ಟು ಇಳಿದಿತ್ತೋ ಇಲ್ಲವೋ, ದನಿ ಮಾತ್ರ ತರಗತಿಯ ದನಿಯಾಗಿತ್ತು. “ಸರ್, ತಗದವರು ನೀವ ಅಂದ್ರ ಹಾಕವರೂ ನೀವ ಆಗಬೇಕು. ಬ್ಯಾರೆ ಯಾರ ಮಾತೂ ಅಲ್ಲಿ ನಡೆಯೂದಿಲ್ಲ.” ಆ ಕಡೆಯಿಂದ ಏನು ಉತ್ತರ ಬಂತೋ, “ವಯಸ್ಸಾದ್ರ ಏನಾತು, ಪೆನ್ಸಿಲ್ ಹಿಡಿಯಾಕ ಬರ್ತೈತಲ್ಲ,” ಎಂದರು.

ದ್ರಾಕ್ಷಿ ಕೊಯ್ದು ಒಣಗಿಸಿ ಮಣೂಕ ಮಾಡುವ ಹೊತ್ತಿಗೆ ಅವರು ಮತ್ತೆ ಬಂದರು. ಕೈಯಲ್ಲಿ ಹೊಸ ನಕ್ಷೆಯಿತ್ತು. ಮೆಟ್ಟಿಲುಗಳ ಎಡಬದಿಯನ್ನು ಒಡೆದು ಇಳಿಜಾರು ಮಾಡಿದ್ದರು. ಮೇಡಮ್ ಅದನ್ನು ನೋಡಿ, “ಕಾಗದದ ಮ್ಯಾಲ ಎಲ್ಲಾ ಏರ್ತಾವ ಸರ್,” ಎಂದರು. ಆ ಹೊತ್ತಿಗೆ ಊರುಗೋಲು ಊರಿ ಊರಿ ಅವರ ಭುಜಗಳು ಸೋತಿದ್ದವು. ಗಾಲಿಕುರ್ಚಿ ಬಂದಿತ್ತು.

ತಿಕೋಟಾದಲ್ಲಿ ನನ್ನ ಅಣ್ಣನ ಮಣೂಕದ ಶೆಡ್ಡಿದೆ. ಕೈಗಾಡಿ ಏರಿಸಲು ಅದರ ಬಾಗಿಲಿಗೆ ಸಿಮೆಂಟಿನ ಇಳಿಜಾರು ಮಾಡಿಸಿದ್ದಾನೆ. ನಕ್ಷೆಯಲ್ಲಿದ್ದಷ್ಟೇ ಕಡಿದಾದದ್ದು. ಮೂವರೂ ಅಲ್ಲಿಗೆ ಹೋದೆವು. ಮೇಡಮ್ ಕುರ್ಚಿಯ ಗಾಲಿಗಳನ್ನು ಕೈಯಿಂದ ತಿರುಗಿಸುತ್ತ ಏರತೊಡಗಿದರು. ಅರ್ಧದಲ್ಲಿ ಕುರ್ಚಿ ನಿಂತಿತು. ಹಿಂದಕ್ಕೆ ಜಾರತೊಡಗಿತು. ನಾನು ಹಿಂದಿನಿಂದ ಹಿಡಿದುಕೊಂಡೆ. ಆ ಸಲ ಬೈಯಲಿಲ್ಲ.

“ಈಗ ನೀವು ಕುಂದರ್ರಿ,” ಎಂದರು ಹಿರಿಯರಿಗೆ, ತಾವು ಶೆಡ್ಡಿನ ಕಟ್ಟೆಗೆ ಸರಿದು.

ಅವರು ಕುರ್ಚಿಯಲ್ಲಿ ಕೂತರು. ಕೋಟಿನ ತೋಳು ಮಡಚಿ ಗಾಲಿ ತಿರುಗಿಸಿದರು. ಸ್ವಲ್ಪ ಏರಿ, ಹಿಂದಕ್ಕೆ ಜಾರಿ, ಮತ್ತೆ ಏರಿದರು. ಶೆಡ್ಡಿನ ನೆರಳಲ್ಲಿ ಮಣೂಕ ಆರಿಸುತ್ತಿದ್ದ ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿದು ನಕ್ಕರು. ಅವರಲ್ಲಿ ಒಬ್ಬಾಕೆ, “ಯಪ್ಪಾ, ಜೋರ ಹಚ್ರಿ,” ಎಂದು ಕೂಗಿದಳು. ಹಿರಿಯರ ಮುಖ ಕೆಂಪಾಗಿತ್ತು. ನಾನು ಹಿಡಿಯಲು ಹೋದರೆ ಮೇಡಮ್, ಕಟ್ಟೆಯ ಮೇಲಿಂದಲೇ, “ತಡೀರಿ, ಅವರಿಗೆ ತಿಳೀಲಿ,” ಎಂದರು. ಕೊನೆಗೆ ಅವರು ಕುರ್ಚಿ ಬಿಟ್ಟೆದ್ದು, ಉಸಿರು ಬಿಡುತ್ತ, ಅಂಗೈ ನೋಡಿಕೊಂಡರು.

“ಇದರ ಎರಡು ಪಟ್ಟು ಉದ್ದ ಬೇಕು. ನಡುವ ನಿಂದರಾಕ ಸಪಾಟು ಜಾಗಾ ಬೇಕು,” ಎಂದರು.

“ಕಟ್ಟಡದ ಮಾರಿ ಕೆಡ್ತೈತಿ ಮತ್ತ.”

“ಕೆಡ್ಲಿ. ನಂದ ಮಾರಿ ಅದು.”

ಮರಳುವಾಗ ಬಬಲೇಶ್ವರದ ನಮ್ಮ ಮನೆಯಲ್ಲಿ ಊಟ. ಮೇಡಮ್ ಹಿಂದೊಮ್ಮೆ ಬಂದಾಗ ನಮ್ಮ ಎತ್ತರದ ಹೊಸ್ತಿಲು ದಾಟುವುದು ಕಷ್ಟವಾಗಿ, ಮಾವನವರು ಅಟ್ಟದ ಹಲಗೆ ಇಳಿಸಿ ಹಾಕಿದ್ದರು. ಆಮೇಲೆ ಯಾರಿಗೂ ಹೇಳದೆ ಗೌಂಡಿಯನ್ನು ಕರೆಸಿ ಹೊಸ್ತಿಲಿನ ಎರಡೂ ಬದಿಗೆ ಸಿಮೆಂಟಿನ ಗಿಲಾವು ಮಾಡಿಸಿ ಇಳಿಜಾರು ಮಾಡಿಬಿಟ್ಟಿದ್ದರು. ಅತ್ತೆಯವರು ಹೊಸ್ತಿಲ ಪೂಜೆಗೆ ತೊಂದರೆಯೆಂದು ಗೊಣಗಿ, ಅದರ ಮೇಲೆಯೇ ರಂಗೋಲಿ ಹಾಕತೊಡಗಿದ್ದರು. ಆರ್ಕಿಟೆಕ್ಟರು ಅಲ್ಲಿ ಕೂತು ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ತಿನ್ನುತ್ತ ಆ ಹೊಸ್ತಿಲನ್ನೇ ನೋಡುತ್ತಿದ್ದರು. ಮೇಡಮ್ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿಸಿದರು. ಅಂದಿನಿಂದ ಅವರ ನಡುವೆ ಒಂದು ಗೆಳೆತನ ಬೆಳೆಯಿತು. ಪ್ರತಿ ಭಾನುವಾರ ಫೋನು. ಅರ್ಧ ಮಾತು ಜಗಳವೇ.

ಮ್ಯೂಸಿಯಮ್ಮಿನವರು ಬೇಗ ಒಪ್ಪಲಿಲ್ಲ. ಆ ಮೆಟ್ಟಿಲುಗಳು ಈಗ ಪ್ರಸಿದ್ಧವಾಗಿವೆ, ಜನ ಅಲ್ಲಿ ಫೋಟೊ ತೆಗೆಸಿಕೊಳ್ಳುತ್ತಾರೆ, ಹಿಂದಿನ ಬಾಗಿಲಲ್ಲಿ, ಸಾಮಾನು ಒಯ್ಯುವ ಕಡೆ ಲಿಫ್ಟು ಹಾಕೋಣ ಎಂದರು. ಕಟ್ಟಡ ಪ್ರೇಮಿಗಳು ಕೆಲವರು, ವಯಸ್ಸಾದ ಕಲಾವಿದ ತನ್ನ ಕೃತಿಯನ್ನು ತಾನೇ ಕೆಡಿಸಲು ಹೊರಟಿದ್ದಾನೆ ಎಂದು ಪತ್ರಿಕೆಗೂ ಬರೆದರು. ಹಿರಿಯರು ಸೋತು, ಲಿಫ್ಟಾದರೂ ಆಗಲಿ ಎಂದು ಒಂದು ಭಾನುವಾರ ಹೇಳಿದರಂತೆ. ಮೇಡಮ್ ಅವರಿಗೆ ಹೇಳಿದ್ದು ನನಗೆ ನೆನಪಿದೆ: “ಲಿಫ್ಟ ಹಾಕ್ಲಿ, ಬ್ಯಾಡ ಅನ್ನೂದಿಲ್ಲ. ಆದ್ರ ಎಲ್ಲಾರೂ ಹೋಗೂ ಬಾಗಲದಾಗ ಹೋಗಬೇಕು ಅನ್ನೂದು ನನ್ನ ಹಟ. ನೀವು ಬಿಟ್ರ ನಾ ಒಬ್ಬಾಕಿ ಆಗ್ತೇನಿ.” ಅವರು ಬಿಡಲಿಲ್ಲ. ಕೆಲವು ವರ್ಷಗಳೇ ಹಿಡಿದವು. ಕೊನೆಗೆ ಎಡಬದಿಯ ಮೆಟ್ಟಿಲು ಒಡೆಯಲು ಅನುಮತಿ ಸಿಕ್ಕಿತು. ಕೆಲಸ ಅರ್ಧವಾಗಿದ್ದಾಗ ಆ ಹಿರಿಯರು ತೀರಿಕೊಂಡರು.

ಸುದ್ದಿ ಬಂದ ದಿನ ಮೇಡಮ್ ಕ್ಲಾಸು ತಪ್ಪಿಸಲಿಲ್ಲ. ಮುಗಿಸಿಕೊಂಡು ಬಂದು, “ಭಾನುವಾರ ಏನ್ ಮಾಡಬೇಕಂತ ತಿಳೀವಲ್ದು,” ಎಂದರು. ಅಷ್ಟೇ.

ಇಳಿಜಾರು ಮುಗಿದ ಮೇಲೆ, ಮೇಡಮ್ ನಿವೃತ್ತಿಯಾದ ವರ್ಷ ನಾವಿಬ್ಬರೇ ಅಲ್ಲಿಗೆ ಹೋದೆವು. ಶಾಲೆಗಳಿಗೆ ರಜೆಯಿದ್ದ ದಿನ. ಜನ ಜಾತ್ರೆಯಂತೆ ನೆರೆದಿದ್ದರು. ಇಳಿಜಾರಿನ ಮೇಲೆ ತಳ್ಳುಗಾಡಿಯಲ್ಲಿ ಮಗು ಮಲಗಿಸಿಕೊಂಡ ತಾಯಂದಿರು, ಕೋಲು ಹಿಡಿದ ಮುದುಕರು, ಓಡುವ ಹುಡುಗರು ಎಲ್ಲರೂ ಏರುತ್ತಿದ್ದರು. ಮೆಟ್ಟಿಲು ಖಾಲಿಯಾಗಿಯೇ ಇತ್ತು. ಮೇಡಮ್ ಗಾಲಿ ತಿರುಗಿಸುತ್ತ ಹೊರಟರು. ನಾನು ಹಿಂದೆ ನಡೆದೆ, ಕೈ ಹಾಕಲಿಲ್ಲ. ನಡುವಿನ ಸಪಾಟು ಜಾಗದಲ್ಲಿ ನಿಂತು ಬೆವರು ಒರೆಸಿಕೊಂಡು ಸುತ್ತ ನೋಡಿದರು. “ಇಲ್ಲಿಂದ ಅಂಗಳ ಕಾಣೂದಿಲ್ಲ. ಅವರ ಮೊದಲನೇ ನಕ್ಷಾನ ಇದಕ್ಕಿಂತ ಚಂದಿತ್ತು,” ಎಂದು ತಪ್ಪು ಹುಡುಕಿದರು. ಆಮೇಲೆ ಗೋಡೆಯ ಕಲ್ಲನ್ನು ಅಂಗೈಯಿಂದ ಒಮ್ಮೆ ಸವರಿ ಮುಂದೆ ಹೋದರು.

ಒಳಗೆ ಅವರನ್ನು ಹಿಡಿಯಲು ನನ್ನಿಂದಾಗಲಿಲ್ಲ. ಒಂದು ಕಂಚಿನ ಮೂರ್ತಿಯ ಮುಂದೆ ಕುರ್ಚಿ ನಿಲ್ಲಿಸಿದವರು ಅಲ್ಲೇ ಇದ್ದುಬಿಟ್ಟರು. ಒಂದು ಫಲಕದಲ್ಲಿದ್ದ ತಪ್ಪನ್ನು ಅಲ್ಲಿಯ ಅಧಿಕಾರಿಗೆ ತೋರಿಸಿ ವಾದ ಮಾಡಿದರು. ಬಾಗಿಲು ಮುಚ್ಚುವ ಗಂಟೆ ಬಾರಿಸಿದಾಗ ಕೊನೆಗೆ ಹೊರಬಿದ್ದವರಲ್ಲಿ ನಾವೂ ಇದ್ದೆವು.

ಈ ಬೇಸಿಗೆಯಲ್ಲಿ ಅವರು ಹೋದ ಮೂರನೆಯ ದಿನ ಇಬ್ರಾಹಿಂಪುರದ ಮನೆಗೆ ಹೋಗಿದ್ದೆ. ಹಳೆಯ ವಿದ್ಯಾರ್ಥಿನಿಯರು ಬಂದು ಹೋಗುತ್ತಿದ್ದರು. ಅವರ ತಮ್ಮ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದ. ನನಗೂ ಒಂದು ಕುರ್ಚಿ ತರಿಸಿದ.

“ಮೇಡಮ್ಮೋರ, ನೀವು ಅಕಿನ್ ಜೋಡಿ ಅಷ್ಟು ದೂರ ಹೋಗಿದ್ರಲ್ಲ,” ಎಂದ. “ತಿರುಗಿ ಬಂದ ದಿವಸ ನಾ ಕೇಳಿದೆ, ಆಪಾ, ಅಲ್ಲೇ ಏನೇನು ನೋಡಿದಿ ಅಂತ. ಮೂರ್ತಿ ಹೇಳ್ತಾಳ, ಕತ್ತಿ ಗಿತ್ತಿ ಹೇಳ್ತಾಳ ಅಂತ ಮಾಡಿದ್ದೆ. ಅಕಿ ಏನಂದ್ಲು ಗೊತ್ತೇನ್ರಿ?”

ಗೊತ್ತಿರಲಿಲ್ಲ. ಇಡೀ ದಿನ ಅವರ ಜೊತೆಗಿದ್ದರೂ ನನಗೆ ಅದನ್ನು ಅವರು ಹೇಳಿರಲಿಲ್ಲ.

“‘ಅಲ್ಲೇ ನನ್ನ ಯಾರೂ ನೋಡ್ಲಿಲ್ಲ ತಮ್ಮಾ’ ಅಂದ್ಲು. ‘ಅಷ್ಟು ಮಂದಿ ಇದ್ರು. ಎಲ್ಲಾರೂ ಮ್ಯೂಸಿಯಮ್ ನೋಡಾಕತ್ತಿದ್ರು.’ ಅದನ್ನ ಹೇಳಿ ಹೇಳಿ ನಗಾಕತ್ತಿದ್ಲು ನೋಡ್ರಿ.”